ಎರಡು ನಿಮಿಷದ ಊರು

ಕಲಬುರಗಿಯ ಆಟೊದವರಿಗೆ ‘ಜಗತ್’ ಎಂದರೆ ಸಾಕು, ಮುಂದೆ ಏನೂ ಕೇಳುವುದಿಲ್ಲ. ಮೈಸೂರು ಕಡೆಯ ಗೆಳೆಯನೊಬ್ಬ ಮೊದಲ ಸಲ ಬಂದಾಗ ‘ಜಗತ್ತಿಗೆ ಎಷ್ಟು ತಗೋತೀರಿ?’ ಎಂದು ಕೇಳಿ ತನ್ನ ಮಾತಿಗೆ ತಾನೇ ನಕ್ಕಿದ್ದ. ಆಟೊದವನು ನಗಲಿಲ್ಲ. ಕನ್ನಡದ ನಾಲಗೆ ವ್ಯಂಜನದಲ್ಲಿ ಮುಗಿಯುವ ಮಾತಿನ ಬಾಲಕ್ಕೆ ಒಂದು ಉಕಾರ ಕಟ್ಟುತ್ತದೆ; ಈ ಒಂದು ಮಾತನ್ನು ಮಾತ್ರ ನಮ್ಮೂರು ಅರ್ಧಕ್ಕೇ ಬಿಟ್ಟುಬಿಟ್ಟಿದೆ. ಬಸವಣ್ಣನ ಪುತ್ಥಳಿ, ಅಂಬೇಡ್ಕರ್ ಪುತ್ಥಳಿ, ಜಯಂತಿಗಳ ಮೆರವಣಿಗೆ, ಬೇಡಿಕೆ ಪಟ್ಟಿ ಹಿಡಿದವರ ಧರಣಿ, ಇವೆಲ್ಲ ಸೇರುವ ಕೂಟರಸ್ತೆ ನಮಗೆ ಜಗತ್.

ಚಿಕ್ಕವನಿದ್ದಾಗ ನಮ್ಮ ಮನೆಯ ಪ್ರಯಾಣಗಳೆಲ್ಲ ಇಲ್ಲಿಂದಲೇ ಶುರುವಾಗುತ್ತಿದ್ದವು. ಮಾಮಾನ ಮನೆ ಹುಮನಾಬಾದಿನಲ್ಲಿ. ಜಗತ್‌ಗೆ ಬಂದು, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೋಗಿ ಬೀದರ ಬಸ್ಸು ಹಿಡಿದರೆ ಒಂದು ತಾಸಿಗೆ ಕಮಲಾಪುರ. ಅಲ್ಲಿ ಬಸ್ಸು ಎರಡು ನಿಮಿಷ ನಿಲ್ಲುತ್ತಿತ್ತು. ನಿಲ್ಲುವುದಕ್ಕೆ ಮೊದಲೇ ಹೆಣ್ಣುಮಕ್ಕಳು ಬುಟ್ಟಿ ಎತ್ತಿ ಕಿಟಕಿಗೆ ಹಿಡಿಯುತ್ತಿದ್ದರು. ಬುಟ್ಟಿಯಲ್ಲಿ ಇಟ್ಟಿಗೆ ಬಣ್ಣದ, ದಪ್ಪಗಿನ, ಮೊಂಡು ಮೂತಿಯ ಬಾಳೆಹಣ್ಣು. ಅಪ್ಪ ಚೌಕಾಸಿ ಮಾಡಿ ಒಂದು ಚಿಪ್ಪು ಕೊಳ್ಳುತ್ತಿದ್ದರು. ಅದು ಮಾಮಾನ ಮನೆಗೆ, ನಾವು ಮುಟ್ಟುವಂತಿರಲಿಲ್ಲ. ಹಣ್ಣಿನ ಚೀಲ ಅವ್ವನ ತೊಡೆಯ ಮೇಲೆ, ಅದರ ವಾಸನೆ ಮಾತ್ರ ನಮಗೆ. ಬಸ್ಸು ಹೊರಡುತ್ತಿತ್ತು. ಹೀಗೆ ಎಷ್ಟೋ ಸಲ ಹಾದುಹೋದ ಆ ಊರಿನಲ್ಲಿ ಒಮ್ಮೆಯೂ ಕಾಲೂರಿರಲಿಲ್ಲ. ಅಲ್ಲಿ ಇಳಿಯುವುದಕ್ಕೆ ನಮಗೆ ಕೆಲಸವಿರಲಿಲ್ಲ. ಬಹಳ ಮಂದಿಗೆ ಇರಲಿಲ್ಲ.

ದಕ್ಷಿಣದವರಿಗೆ ಕಮಲಾಪುರ ಎಂದರೆ ಹಂಪಿಯ ಪಕ್ಕದ್ದು. ಅಲ್ಲಿ ಕೆರೆ ಇದೆ, ಮ್ಯೂಸಿಯಂ ಇದೆ, ವಿಜಯನಗರದ ಹೆಸರಿದೆ. ನಾನು ಹೇಳುತ್ತಿರುವುದು ಕಲಬುರಗಿಯಿಂದ ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಹುಮನಾಬಾದ್ ರಸ್ತೆಯ ಮೇಲೆ ಇರುವ ಇನ್ನೊಂದು ಕಮಲಾಪುರವನ್ನು. ಅದು 2018ರ ಜನವರಿಯಲ್ಲಿ ತಾಲ್ಲೂಕು ಕೇಂದ್ರವಾಯಿತು. ಆಗಿ ಇಷ್ಟು ವರ್ಷವಾದ ಮೇಲೆ, ಒಂದು ಎಳ್ಳಮಾಸಿ ಕಳೆದ ವಾರ, ಅಲ್ಲಿ ಇಳಿದು ನೋಡಲೆಂದೇ ಹೊರಟೆ.

ಬಿಸಿಲ ನಾಡು ಎಂದು ನಮ್ಮ ಸೀಮೆಯನ್ನು ಕರೆಯುವವರು ಜನವರಿಯಲ್ಲಿ ಬಂದರೆ ಮೋಸ ಹೋಗುತ್ತಾರೆ. ಕಪನೂರಿನ ಕಾರ್ಖಾನೆಗಳು, ದಾಲ್ ಮಿಲ್ಲುಗಳ ಹೊಟ್ಟಿನ ಧೂಳು ದಾಟುತ್ತಲೇ ಎರಡೂ ಬದಿಗೆ ಎರೆಭೂಮಿ ತೆರೆದುಕೊಳ್ಳುತ್ತದೆ. ಮಳೆ ನಿಂತು ಮೂರು ತಿಂಗಳಾಗಿದೆ, ಒಂದು ಪಂಪ್‌ಸೆಟ್ಟಿನ ಸದ್ದೂ ಇಲ್ಲ, ಆದರೂ ಬಿಳಿಜೋಳ ಎದೆಯುದ್ದ ಹಸಿರಾಗಿ ನಿಂತಿರುತ್ತದೆ. ಇದು ಈ ಮಣ್ಣಿನ ಕಸುಬು. ಮಳೆಗಾಲದಲ್ಲಿ ಕುಡಿದ ನೀರನ್ನು ಎರೆ ಆಳದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಆ ತೇವದ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ಬದುಕಿ ತೆನೆ ಕಟ್ಟುತ್ತದೆ. ನೆಲ ಬಿರುಕು ಬಿಡುವ ಹೊತ್ತಿಗೆ ಜೋಳದ ಕೆಲಸ ಮುಗಿದಿರುತ್ತದೆ. ತೊಗರಿಯದು ಇನ್ನೊಂದು ಜಾಣತನ. ಮುಂಗಾರಿಗೆ ಬಿತ್ತಿದರೆ ತಾಯಿಬೇರನ್ನು ಆಳಕ್ಕೆ ಇಳಿಸಿ, ಮಳೆ ಕೈಕೊಟ್ಟರೂ ತಡೆದುಕೊಂಡು, ಡಿಸೆಂಬರ್–ಜನವರಿಗೆ ರಾಶಿಗೆ ಬರುತ್ತದೆ. ಎರಡೂ ಬೆಳೆಗಳು ಬೇಸಿಗೆಯ ಮುಖ ನೋಡುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬಾಳೆಯ ವಿಷಯಕ್ಕೆ ಬೇಕಾಗುತ್ತದೆ.

ಅವರಾದ ದಾಟಿದೆವು. ಕೊಯ್ದ ತೊಗರಿಯನ್ನು ಹೊಲದಲ್ಲೇ ಗುಡ್ಡೆ ಹಾಕಿದ್ದರು. ಕೆಲವು ಕಡೆ ರಾಶಿ ಯಂತ್ರ ಹೊಟ್ಟು ಉಗುಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಕಾಕಾ ಒಬ್ಬರು ಕಿಟಕಿಯಿಂದಲೇ ಇಳುವರಿಯ ಅಂದಾಜು ಹಾಕುತ್ತಿದ್ದರು. ‘ಈ ಸಲ ನಡೀತದ್ರಿ. ಅವತ್ತಿನಂಗ ನೆಟಿ ಬೀಳಲಿಲ್ಲ’ ಎಂದರು. ಅವತ್ತು ಎಂದರೆ 2022. ಆ ವರ್ಷ ಹೂವು, ಕಾಯಿ ಹಿಡಿದು ನಿಂತ ಗಿಡ ನಿಂತಲ್ಲೇ ಒಣಗಿತು. ನೆಟೆ ರೋಗ ಮಣ್ಣಿನೊಳಗಿನ ಶಿಲೀಂಧ್ರದ ಕೆಲಸ. ಬೇರಿನಿಂದ ಏರಿ ನೀರಿನ ದಾರಿ ಕಟ್ಟಿಬಿಡುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ನೀರಡಿಸಿ ಸಾಯುತ್ತದೆ. 2019ರಲ್ಲಿ ‘ಗುಲ್ಬರ್ಗ ತೊಗರಿ ಬೇಳೆ’ಗೆ ಜಿಐ ಟ್ಯಾಗ್ ಸಿಕ್ಕಾಗ ನೆಹರು ಗಂಜಿನ ಅಡತಿ ಅಂಗಡಿಗಳಲ್ಲಿ ಆದ ಮಾತಿಗಿಂತ, ಆ ನೆಟೆಯ ವರ್ಷ ಆದ ಮಾತು ಹೆಚ್ಚು.

ಕುರಿಕೋಟಾದ ಸೇತುವೆ, ಮಹಾಗಾಂವ ಕ್ರಾಸು ದಾಟಿದ ಮೇಲೆ ನೆಲ ಏಳುಬೀಳು ಆಗುತ್ತದೆ. ಕರಿ ಮಣ್ಣಿನ ನಡುವೆ ಅಲ್ಲಲ್ಲಿ ಕೆಂಪು ಇಣುಕುತ್ತದೆ. ಬೀದರ ಕಡೆಯ ಜಂಬಿಟ್ಟಿಗೆಯ ಪ್ರಸ್ಥಭೂಮಿ ಕೈ ಚಾಚಿ ಕರೆಯುವ ಜಾಗವಿದು.

‘ತಹಸೀಲ್ ಮಂದಿ ಇಳೀರಿ!’

ಕಂಡಕ್ಟರ್ ಹೀಗೆ ಕೂಗಿದಾಗ ನಾನು ಬೆಚ್ಚಿದೆ. ಊರಿನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಬಸ್ಸಿನ ಅರ್ಧ ಮಂದಿ ಎದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡವರು, ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡ ಹೆಂಗಸರು, ಒಬ್ಬ ಹುಡುಗ ಜಾತಿ ಪ್ರಮಾಣಪತ್ರಕ್ಕೆಂದು ಶಾಲೆಯ ದಾಖಲೆ ಹಿಡಿದುಕೊಂಡು. ಅವರ ಹಿಂದೆ ನಾನೂ ಇಳಿದೆ. ಹಿಂದೆ ಬಸ್ಸಿಗೆ ಊರು ಬರುತ್ತಿತ್ತು, ಬುಟ್ಟಿ ಹೊತ್ತು. ಈಗ ಬಸ್ಸು ಊರಿಗೆ ಬಂದು ಮಂದಿಯನ್ನು ಸುರಿಯುತ್ತದೆ.

ನೋಡಲು ಏನಿದೆ ಎಂದು ಕೇಳಿದರೆ ಏನೂ ಇಲ್ಲ ಎಂದೇ ಹೇಳಬೇಕು. ಹೆದ್ದಾರಿಯೇ ಊರಿನ ದೊಡ್ಡ ಬೀದಿ. ಇದು ಮೊದಲು 218ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ 50. ಮುಂದೆ ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ರಸ್ತೆಗೆ ಸೇರುತ್ತದೆ. ಎರಡೂ ಬದಿಗೆ ಗೊಬ್ಬರ–ಬೀಜದ ಅಂಗಡಿ, ಮೊಬೈಲ್ ರಿಪೇರಿ, ಚಹಾದಂಗಡಿ, ಮಿರ್ಚಿ ಭಜಿಯ ಬಾಣಲೆ. ಒಂದು ತಾಲ್ಲೂಕು ಕೇಂದ್ರದ ವಯಸ್ಸನ್ನು ಝೆರಾಕ್ಸ್ ಅಂಗಡಿಗಳಿಂದ ಲೆಕ್ಕ ಹಾಕಬಹುದು ಎಂದು ನನಗೆ ಅನಿಸುವುದುಂಟು. ಇಲ್ಲಿ ಅವು ಹೊಸ ಬಣ್ಣದಲ್ಲಿವೆ.

ಆದರೆ ಒಂದು ಗೋಡೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡಿತು. ಹಳೆಯ ಫಲಕವೊಂದರ ಕೊನೆಯ ಸಾಲಿನಲ್ಲಿ ಬಣ್ಣ ಪದರು ಪದರಾಗಿ ಎದ್ದಿತ್ತು. ಮೇಲೆ ‘ತಾ. ಕಮಲಾಪುರ’. ಅದರ ಕೆಳಗಿನಿಂದ ‘ಕಲಬುರಗಿ’ಯ ಕೊಂಬು ಕಾಣುತ್ತಿತ್ತು. ಅದಕ್ಕೂ ಕೆಳಗೆ, ಮಸುಕು ನೀಲಿಯಲ್ಲಿ, ‘ಗುಲ್ಬರ್ಗಾ’. 2014ರ ನವೆಂಬರ್ 1ಕ್ಕೆ ನಗರದ ಹೆಸರು ಬದಲಾಯಿತು, 2018ಕ್ಕೆ ತಾಲ್ಲೂಕು ಬದಲಾಯಿತು, ನಡುವೆ 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲು ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಐದು ವರ್ಷದಲ್ಲಿ ಇಷ್ಟು. ಕುಳಿತಲ್ಲೇ ಕುಳಿತ ಹಳ್ಳಿಯ ವಿಳಾಸ ಮಾತ್ರ ಊರೂರು ತಿರುಗಿತು. ಪೇಂಟರ್‌ಗೆ ಒಳ್ಳೆಯ ಕಾಲ.

ತಾಲ್ಲೂಕು ಬಂದದ್ದು ಸುಲಭಕ್ಕಲ್ಲ. ವಾಸುದೇವರಾವ್ ಆಯೋಗ, ಹುಂಡೇಕರ್ ಸಮಿತಿ, ಗದ್ದಿಗೌಡರ ಸಮಿತಿ, ಎಂ.ಬಿ. ಪ್ರಕಾಶ್ ಸಮಿತಿ ಎಂದು 1970ರ ದಶಕದಿಂದ ರಾಜ್ಯದಲ್ಲಿ ಹೊಸ ತಾಲ್ಲೂಕುಗಳ ಲೆಕ್ಕ ನಡೆಯುತ್ತಲೇ ಇತ್ತು. 2017ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯ 49 ಹೊಸ ತಾಲ್ಲೂಕುಗಳನ್ನು ಪ್ರಕಟಿಸಿದರು. ಕಲಬುರಗಿ ಜಿಲ್ಲೆಯ ಪಾಲಿಗೆ ಬಂದದ್ದು ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಏಳಿದ್ದದ್ದು ಹನ್ನೊಂದಾಯಿತು. ಇದರಲ್ಲಿ ಕಮಲಾಪುರದ ಕಥೆಗೆ ಒಂದು ವಕ್ರತೆ ಇದೆ. ಹೋಬಳಿಯಷ್ಟೇ ಆಗಿದ್ದ ಕಾಲದಲ್ಲಿ ಇದರ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರ ಇತ್ತು. ಎಮ್ಮೆಲ್ಲೆ ಇದ್ದ, ತಹಸೀಲ್ದಾರ ಇರಲಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೆಸರು ಅಳಿಸಿ ಹೋಯಿತು, ಊರು ಗುಲ್ಬರ್ಗ ಗ್ರಾಮೀಣಕ್ಕೆ ಸೇರಿತು. ಹತ್ತು ವರ್ಷ ಬಿಟ್ಟು ತಹಸೀಲ್ದಾರ ಬಂದ. ಚಹಾದಂಗಡಿಯಲ್ಲಿ ಇದನ್ನು ಹೇಳಿ ನಕ್ಕವರು, ‘ಒಂದು ಕೈಲಿ ಕೊಡ್ತಾರ, ಒಂದು ಕೈಲಿ ಕಸ್ಕೋತಾರ. ನಮಗ ಎರಡೂ ಕೂಡಿ ಯಾವಾಗ ಸಿಕ್ಕಾವ್ರಿ?’ ಎಂದರು. ರೈಲಿನ ಬಗ್ಗೆ ಕೇಳಿದೆ. ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗ ಮಾಡಿ ತಂದ ದಾರಿ ಅದು. ‘ಅದರ ಟೈಮಿಗಿ ನಾವು ಹೋಗಬೇಕು. ಬಸ್ ಆದ್ರ ನಮ್ ಟೈಮಿಗಿ ಬರ್ತದ’ ಎಂದು ಅಂಗಡಿಯವನು ಮುಗಿಸಿಬಿಟ್ಟ.

ಅಲ್ಲೇ ಬೆಂಚಿನ ತುದಿಯಲ್ಲಿ ಒಬ್ಬ ಮುತ್ಯಾ ಕೂತಿದ್ದ. ಬಿಳಿ ಧೋತರ, ತಲೆಗೆ ರುಮಾಲು, ಮೊಣಕಾಲ ಮೇಲೆ ಕಾಗದದ ಚೀಲ. ಚಹಾವನ್ನು ಬಸಿಯಲ್ಲಿ ಸುರಿದು ಊದಿ ಕುಡಿಯುತ್ತಿದ್ದ.

‘ಏನ್ ಕೆಲಸಕ್ಕ ಬಂದೀರಿ ಮುತ್ಯಾ?’

‘ಪೌತಿ, ತಮ್ಮಾ. ನಮ್ಮಣ್ಣ ತೀರಿಕೊಂಡ. ಅವನ ಹೆಸರು ಇಳಿಸಿ ಅವನ ಮಕ್ಕಳ ಹೆಸರು ಏರಿಸಬೇಕು.’

ನಮ್ಮ ಭಾಗದ ಕಚೇರಿ ಮಾತುಗಳನ್ನು ಕೇಳುವಾಗಲೆಲ್ಲ ನನಗೆ ಒಂದು ಚಪಲ. ಪೌತಿ ಎಂದರೆ ಸಾವು. ಅರಬ್ಬಿಯ ‘ಫೌತ್’ ಫಾರಸಿಯ ಕೈ ಹಿಡಿದು ದಫ್ತರಕ್ಕೆ ಬಂದು ಕೂತಿದೆ. ತಹಸೀಲು ಎಂದರೆ ವಸೂಲಿ. ಪಹಣಿಯಲ್ಲಿ ಮರಾಠಿಯ ನೋಟ ಇದೆ, ಹೊಲ ನೋಡಿ ಬರೆದದ್ದು. ಈ ತಾಲ್ಲೂಕಿನಲ್ಲಿ ‘ಕಿಣ್ಣಿ ಸಡಕ್’ ಎಂಬ ಊರೇ ಇದೆ. ರಸ್ತೆ ಊರಿನ ಹೆಸರಿನೊಳಗೇ ಹೊಕ್ಕು ಮಲಗಿದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, ಅವರ ಕಾಲದ ಮಾತುಗಳು ಮಾತ್ರ ಜಾಗ ಖಾಲಿ ಮಾಡಲಿಲ್ಲ. ಮುತ್ಯಾನ ಬಾಯಲ್ಲಿ ಅವು ಅಚ್ಚಕನ್ನಡ.

‘ಮೊದಲು ಕಲಬುರಗಿಗಿ ಹೋಗ್ತಿದ್ವಿ. ನಮ್ಮ ಹಳ್ಳಿಯಿಂದ ಇಲ್ಲಿಗಿ ಬರೂದೇ ಒಂದ್ ತಾಸು, ಇಲ್ಲಿಂದ ಮತ್ತೊಂದು ತಾಸು. ಅಲ್ಲಿ ಬಸ್ ಸ್ಟ್ಯಾಂಡಿನಾಗ ಇಳಿದು ಮತ್ತ ಆಟೊ. ಸಾಹೇಬ್ರು ಮೀಟಿಂಗಿನಾಗ ಇದ್ರ ದಿನ ಹೋತು. ಊಟ ಹೊರಗ. ಎತ್ತಿಗಿ ಮೇವು ಹಾಕಾಕ ಮಂದಿಗಿ ಕೈ ಮುಗದು ಬರಬೇಕಿತ್ತು.’

‘ಈಗ?’

‘ಈಗ ಎತ್ತಿಗಿ ನೀರ ಕುಡಿಸಿ ಬಂದೀನಿ. ಹೊತ್ತು ಮುಣುಗೂದ್ರಾಗ ಹೋಗಿ ಮತ್ತ ಕುಡಿಸ್ತೀನಿ.’

ಆಡಳಿತ ವಿಕೇಂದ್ರೀಕರಣದ ಬಗ್ಗೆ ನಾನು ಓದಿದ ಯಾವ ವರದಿಯಲ್ಲೂ ಎತ್ತುಗಳು ಇರಲಿಲ್ಲ.

ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬ್ಯಾಳಿ, ಶೇಂಗಾ ಹಿಂಡಿ. ಬ್ಯಾಳಿಯ ರುಚಿ ಹೊರಗಿನವರಿಗೆ ವರ್ಣಿಸಿ ಪ್ರಯೋಜನವಿಲ್ಲ.

ಊಟವಾದ ಮೇಲೆ ಬಾಳೆಹಣ್ಣು ಹುಡುಕಲು ಹೊರಟೆ. ಸುಲಭ ಎಂದುಕೊಂಡಿದ್ದೆ. ‘ಕಮಲಾಪುರ ಕೆಂಪು ಬಾಳೆ’ ಎಂದು ಜಿಐ ಪಟ್ಟಿಯಲ್ಲೇ ಊರಿನ ಹೆಸರಿದೆ, ನಂಜನಗೂಡು ರಸಬಾಳೆಯಂತೆ, ಮಟ್ಟು ಗುಳ್ಳದಂತೆ. ಆದರೆ ಬಸ್ಸು ನಿಲ್ಲುವ ಕಡೆ ಸಾಲಾಗಿ ನಿಂತ ಬಂಡಿಗಳಲ್ಲಿ ಹಳದಿ ಜಿ-9 ತಳಿಯ ಬಾಳೆ ತುಂಬಿತ್ತು. ನಾಲ್ಕು ಬಂಡಿ ದಾಟಿದ ಮೇಲೆ ಒಬ್ಬ ಅಜ್ಜಿ, ನೆಲದ ಮೇಲೆ ಗೋಣಿ ಹಾಸಿ, ಎರಡು ಚಿಪ್ಪು ಕೆಂಪು ಹಣ್ಣು ಇಟ್ಟುಕೊಂಡು ಕೂತಿದ್ದಳು. ತೋಳಿನ ತುಂಬ ಬಳೆ, ತಾಂಡಾದವಳು. ‘ಯಾಡಿ, ಎಷ್ಟು?’ ಎಂದೆ. ಹೇಳಿದ ಬೆಲೆ ಹಳದಿ ಹಣ್ಣಿನ ಎರಡರಷ್ಟು. ನಾನು ಅಪ್ಪನಂತೆ ಚೌಕಾಸಿ ಮಾಡಲಿಲ್ಲ, ಮಾಡುವ ಧೈರ್ಯವಾಗಲಿಲ್ಲ. ‘ಇನ್ನಾ ಕಾಯಿ ಅದ. ಜ್ವಾಳದ ಡಬ್ಬಿನ್ಯಾಗ ಇಡು, ನಾಕ್ ದಿನಕ್ಕ ಆಗ್ತದ’ ಎಂದು ಒಂದು ಚಿಪ್ಪು ಕಟ್ಟಿಕೊಟ್ಟಳು. ತೋಟ ಎಲ್ಲಿ ಎಂದು ಕೇಳಿದ್ದಕ್ಕೆ ಕೈ ತೋರಿದಳು: ಕೆಳಗೆ, ತಗ್ಗಿನ ಕಡೆ.

ತಗ್ಗಿನ ಕಡೆ ನಡೆದರೆ ಗಾಳಿಯೇ ಬೇರೆ. ಗುಡ್ಡಗಳ ನಡುವಿನ ಕಣಿವೆ. ಮಣ್ಣು ಕೆಂಪಿಗೆ ತಿರುಗಿದೆ. ಬಾವಿಯ ಸುತ್ತ ಒಂದು ತುಂಡು ತೋಟ. ಬೇರೆ ಬಾಳೆಗಿಂತ ಎತ್ತರದ ಗಿಡ, ದಿಂಡಿನಲ್ಲೂ ಎಲೆಯ ನಡುದಂಟಿನಲ್ಲೂ ಕೆಂಪು ಛಾಯೆ. ದಕ್ಷಿಣ ಕರ್ನಾಟಕದಲ್ಲಿ ಕೆಂಪು ಬಾಳೆಯನ್ನು ಚಂದ್ರಬಾಳೆ ಎನ್ನುತ್ತಾರೆ. ಕೇರಳ, ತಮಿಳುನಾಡಿನಲ್ಲೂ ಇದರ ಬಳಗವಿದೆ. ಆದರೆ ಅಲ್ಲೆಲ್ಲ ನೀರು ಇದೆ. ಇಲ್ಲಿ, ವರ್ಷದ ಮಳೆ 750 ಮಿಲಿಮೀಟರಿನ ಆಸುಪಾಸು ತೂಗುವ ಸೀಮೆಯಲ್ಲಿ, ಇದು ಬೇರೂರಿದ್ದೇ ಆಶ್ಚರ್ಯ.

ತೋಟದ ಮಾಲಕರು ಹನಿ ನೀರಾವರಿಯ ಪೈಪು ತೊಳೆಯುತ್ತಿದ್ದರು. ಬಂದ ಕಾರಣ ಹೇಳಿದೆ. ಕೆಲಸ ನಿಲ್ಲಿಸದೆ ಮಾತಾಡಿದರು.

‘ಹದಿನೆಂಟು ತಿಂಗಳು ಬೇಕ್ರಿ ಇದಕ್ಕ. ಜಿ-ನೈನ್ ವರ್ಷದಾಗ ಮುಗೀತದ. ಮೂರು ವರ್ಷಕ್ಕ ಅದು ಮೂರು ಬೆಳಿ, ಇದು ಎರಡು. ಗೊನಿ ಭಾರ, ಗಾಳಿಗಿ ಕೋಲು ಕೊಡಬೇಕು. ರೇಟು ಡಬಲ್ ಅಂತ ನೀವ್ ಅಂತೀರಿ. ಬಾವಿ ಏನಂತದ ಕೇಳ್ರಿ.’

ನನಗೆ ಆಗ ದಾರಿಯಲ್ಲಿ ಕಂಡ ಜೋಳ, ತೊಗರಿ ನೆನಪಾದವು. ಅವು ಬೇಸಿಗೆಗೆ ಮೊದಲೇ ಜಾಗ ಖಾಲಿ ಮಾಡುವ ಬೆಳೆಗಳು. ಹದಿನೆಂಟು ತಿಂಗಳ ಗಿಡಕ್ಕೆ ಆ ಅನುಕೂಲವಿಲ್ಲ. ಜೂನಿನಲ್ಲಿ ನೆಟ್ಟರೆ ಒಂದು ಬೇಸಿಗೆ ದಾಟಲೇಬೇಕು; ನೆಡುವುದು ತಡವಾಗಿ ಜನವರಿ, ಫೆಬ್ರುವರಿಗೆ ಹೋದರೆ ಎರಡು. ಎರಡು ಏಪ್ರಿಲ್, ಎರಡು ಮೇ. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 43 ಡಿಗ್ರಿಗೆ ಏರಿದರೆ ಅದು ಸುದ್ದಿಯಲ್ಲ. ಬಾವಿಯ ತಳ ಕಾಣುವ ಆ ದಿನಗಳನ್ನು ದಾಟಿಸುವ ಧೈರ್ಯ ಇರುವವನು ಮಾತ್ರ ಕೆಂಪು ಬಾಳೆ ನೆಡಬೇಕು. ಹಣ್ಣನ್ನು ಶ್ರೀಮಂತರ ಹಣ್ಣು ಎಂದು ಕರೆಯುವುದು ಕೇಳಿದ್ದೆ. ತಿನ್ನುವವರನ್ನು ನೋಡಿ ಹಾಗೆಂದರೋ, ಬೆಳೆಯುವ ಬಾವಿಯನ್ನು ನೋಡಿ ಹಾಗೆಂದರೋ.

ಇದೇ ತಾಲ್ಲೂಕಿನ ಬೆಳಕೋಟಾದ ಬಳಿ ಗಂಡೋರಿ ನಾಲಾ ಅಣೆಕಟ್ಟು ಇದೆಯಲ್ಲ ಎಂದೆ. ಅದರ ಕಾಲುವೆ ಈ ತಗ್ಗಿಗೆ ಬರುವುದಿಲ್ಲ, ಇಲ್ಲಿ ಬಾವಿಯೇ ದಿಕ್ಕು ಎಂದರು. ಹಾಗಾದರೆ ಇನ್ನೂ ಯಾಕೆ ಬೆಳೆಯುತ್ತೀರಿ? ಪೈಪಿನ ತುದಿಗೆ ಬಾಯಿ ಹಚ್ಚಿ ಊದಿ, ಕಸ ಹೊರಬಿದ್ದದ್ದನ್ನು ನೋಡಿ, ‘ಅರ್ಧಾ ಎಕರೆ ಅಷ್ಟೇರಿ. ಅಪ್ಪ ಹಚ್ಚಿದ ಗಡ್ಡಿ ಇದು. ಮರಿ ಕಿತ್ತು ಮರಿ ಹಚ್ಕೋತ ಬಂದೀವಿ. ಈಗ ಬಿಟ್ರ ನಾಳಿಗಿ ಗಡ್ಡಿ ಎಲ್ಲಿಂದ ತರ್ಲಿ?’ ಎಂದರು. ಉಳಿದ ಹೊಲದಲ್ಲಿ ಅವರದೂ ತೊಗರಿಯೇ.

ನಂಜನಗೂಡಿನ ರಸಬಾಳೆಯನ್ನು ಪನಾಮಾ ಸೊರಗು ರೋಗ ಹಣಿದ ಕಥೆ ಓದಿದ್ದೆ. ಆ ರೋಗದ ಶಿಲೀಂಧ್ರವೂ ತೊಗರಿಯ ನೆಟೆಯ ಶಿಲೀಂಧ್ರವೂ ಒಂದೇ ಕುಲದವು, ಫ್ಯುಸೇರಿಯಂ. ಈ ರೈತ ಎರಡನ್ನೂ ಬೆಳೆಯುತ್ತಾರೆ. ಅವರಿಗೆ ಇದನ್ನು ಹೇಳಲು ಹೋಗಲಿಲ್ಲ. ಹೇಳಿ ಮಾಡುವುದೇನು.

ನಾಲ್ಕು ಗಂಟೆಗೆ ಹೆದ್ದಾರಿಗೆ ಮರಳಿದಾಗ ಬೆಳಗಿನ ಗುಂಪು ಕರಗಿ ಬೇರೆಯೇ ಗುಂಪು ಸೇರಿತ್ತು. ಆಚೆ ಬದಿಯಲ್ಲಿ, ಹುಮನಾಬಾದ್ ಕಡೆ ಹೋಗುವ ಬಸ್ಸಿಗಾಗಿ ತಾಂಡಾದ ಎರಡು ಕುಟುಂಬಗಳು. ಗಂಟು, ಬಿಂದಿಗೆ, ಸುತ್ತಿದ ಚಾಪೆ, ಗಂಟಿನ ಮೇಲೆ ನಿದ್ದೆ ಹೋದ ಕೂಸು. ತೊಗರಿ ರಾಶಿ ಮುಗಿದರೆ ಒಣಬೇಸಾಯದ ಹೊಲದಲ್ಲಿ ಕೂಲಿಯೂ ಮುಗಿಯುತ್ತದೆ. ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳು ಕರೆಯುತ್ತವೆ. ಅವರೂ ಒಂದು ಲೆಕ್ಕದಲ್ಲಿ ಜೋಳ–ತೊಗರಿಯ ಹಾಗೆ, ಬೇಸಿಗೆಗೆ ಮೊದಲೇ ಹೊರಡುವವರು. ಕಾಗದ ಹಿಡಿದವರು ಇಳಿಯುವ ಊರಿನಲ್ಲೇ ಗಂಟು ಹಿಡಿದವರು ಹತ್ತುತ್ತಾರೆ, ರಸ್ತೆಯ ಎದುರು ಬದಿಗೆ. ಪುಣೆಗೆ ಯಾವ ಕೆಲಸಕ್ಕೆ ಎಂದು ಕೇಳಿದೆ. ‘ಸೆಂಟ್ರಿಂಗ್’ ಎಂದ ಗಂಡಸು, ಬಸ್ಸು ಬರುವ ದಿಕ್ಕಿನಿಂದ ಕಣ್ಣು ತೆಗೆಯದೆ.

ಕಲಬುರಗಿಯ ಬಸ್ಸು ಹತ್ತಿದರೆ ಒಳಗೆ ಮುತ್ಯಾ! ಎತ್ತಿಗೆ ನೀರು ಕುಡಿಸಲು ಹೋಗಬೇಕಾದವನು ಇಲ್ಲಿ.

‘ಇದೇನ್ ಮುತ್ಯಾ, ಊರಿಗಿ ಹೋಗ್ಲಿಲ್ಲ?’

‘ಅರ್ಜಿ ಕೊಟ್ಟೆ, ಚೀಟಿ ಕೊಟ್ರು. ಅದನ್ನ ಓದಾಕ ಹೋದ್ರ ಅಕ್ಷರ ಕಾಣವಲ್ವು. ಮಗಗ ಫೋನ್ ಹಚ್ಚಿದೆ. ಬಾ, ನಾಳಿಗಿ ಇಲ್ಲಿ ದವಾಖಾನ್ಯಾಗ ತೋರಸೋಣು ಅಂದ.’ ಚೀಲದ ಬಾಯಿ ಗಂಟು ಹಾಕಿ ಮಡಿಲಲ್ಲಿ ಇಟ್ಟುಕೊಂಡ. ‘ಕಾಗದಕ್ಕ ಕಮಲಾಪುರ, ಕಣ್ಣಿಗಿ ಕಲಬುರಗಿ.’

‘ಎತ್ತಿಗಿ ನೀರು?’

‘ಅದಾ, ಮಂದಿಗಿ ಕೈ ಮುಗಿದೀನಿ.’

ಕುರಿಕೋಟಾ ದಾಟುವಾಗ ಸೂರ್ಯ ತೊಗರಿ ಗುಡ್ಡೆಗಳ ಹಿಂದೆ ಇಳಿಯುತ್ತಿದ್ದ. ಮುತ್ಯಾ ನಿದ್ದೆ ಹೋಗಿದ್ದ. ಕಪನೂರಿನ ದೀಪಗಳು, ಹುಮನಾಬಾದ್ ಬೇಸ್‌ನ ಟಂಟಂಗಳ ಗದ್ದಲ, ಬಸ್ ಸ್ಟ್ಯಾಂಡು. ಮುತ್ಯಾನ ಮಗ ಬಂದು ಚೀಲ ಇಸಿದುಕೊಳ್ಳಲು ಹೋದ, ಮುತ್ಯಾ ಕೊಡಲಿಲ್ಲ.

ಹೊರಗೆ ಬಂದು ಆಟೊಗೆ ‘ಜಗತ್’ ಎಂದೆ. ಅವನು ನನ್ನ ಕೈಚೀಲದಿಂದ ಇಣುಕುತ್ತಿದ್ದ ಕೆಂಪು ಚಿಪ್ಪನ್ನು ನೋಡಿದ.

‘ಕಮಲಾಪುರದಿಂದ ಬಂದ್ರಾ? ತಹಸೀಲದಾಗ ಕೆಲಸ ಇತ್ತೇನ್ರಿ?’

‘ಇಲ್ಲ, ಬಾಳೆಹಣ್ಣಿಗೆ ಹೋಗಿದ್ದೆ.’

‘ಅಷ್ಟಕ್ಕಾ?’ ಆಟೊ ಹೊರಳಿಸುತ್ತ ಕನ್ನಡಿಯಲ್ಲಿ ನನ್ನ ಮುಖವನ್ನು ಇನ್ನೊಮ್ಮೆ ನೋಡಿದ. ‘ಇಲ್ಲೇ ಸೂಪರ್ ಮಾರ್ಕೆಟ್ಟಿನಾಗ ಸಿಗ್ತಾವಲ್ರಿ ಸರ.’